ಉಸಿರು ಸಾಗುವ ದಾರಿ

2020ರ ಮಾರ್ಚ್ ತಿಂಗಳ ಕೊನೆಯಲ್ಲಿ ಮುಂಬಯಿಯ ವಿಕ್ರೋಳಿಯ ಮನೆಗಳಲ್ಲಿ ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿ ತೊಳೆಯುತ್ತಿದ್ದರು. ತರಕಾರಿ ಉಪ್ಪುನೀರಿನಲ್ಲಿ ಮುಳುಗಿರುತ್ತಿತ್ತು. ಕಿರಾಣಿ ಅಂಗಡಿಯಿಂದ ಬಂದ ಚೀಲ ಒಂದು ದಿನ ಬಾಗಿಲ ಹೊರಗೇ ಕೂರಬೇಕಿತ್ತು. ಲಿಫ್ಟಿನ ಗುಂಡಿ ಒತ್ತಲು ಬೆಂಕಿಕಡ್ಡಿ, ಬಾಗಿಲು ನೂಕಲು ಮೊಣಕೈ. ಮುಂಬಯಿಯಲ್ಲಿ ಮೊದಲ ಕೊರೊನಾ ಸೋಂಕು ದೃಢಪಟ್ಟದ್ದು ಮಾರ್ಚ್ 11ರಂದು, ಮೊದಲ ಸಾವು 17ರಂದು. ಅದಾದ ಒಂದೇ ವಾರದಲ್ಲಿ ಲೋಕಲ್ ರೈಲು ನಿಂತಿತ್ತು, ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತ್ತು. ಬೀಗದ ಒಳಗೆ ಕೂತವರೆಲ್ಲ ಪಕ್ಕದ ಮನೆಯವರನ್ನು, ಫೋನಿನಲ್ಲಿ ಸಿಕ್ಕ ಊರಿನವರನ್ನು, ಟಿವಿಯ ಡಾಕ್ಟರರನ್ನು ಕೇಳುತ್ತಿದ್ದುದು ಒಂದನ್ನೇ. ಇದು ಹರಡುವುದು ಹೇಗೆ? ಮುಟ್ಟಿದರೆ ಬರುತ್ತದೆಯೇ? ಎದುರಿಗೆ ನಿಂತು ಮಾತಾಡಿದರೆ? ಗೋಡೆಯಾಚೆಯವರು ಕೆಮ್ಮಿದರೆ?

ಆ ದಿನಗಳ ಭಯವನ್ನು ಅಜ್ಞಾನವೆಂದು ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಹೊಸ ರೋಗಾಣುವೊಂದು ಬಂದಾಗ ವಿಜ್ಞಾನಿ ಮೊದಲು ಕೇಳುವ ಪ್ರಶ್ನೆಯೂ ಅದೇ. ಹೇಗೆ ಹರಡುತ್ತದೆ ಎಂದು ಗೊತ್ತಾದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದು ತಾನಾಗಿ ಗೊತ್ತಾಗುತ್ತದೆ. ಜನ ಕೇಳಿದ ಪ್ರಶ್ನೆ ಸರಿಯಾಗಿತ್ತು. ಅವರಿಗೆ ಸಿಕ್ಕ ಉತ್ತರ ಅರ್ಧ ತಪ್ಪಾಗಿತ್ತು. ತಪ್ಪು ತಿದ್ದಿಕೊಳ್ಳಲು ದೊಡ್ಡ ಸಂಸ್ಥೆಗಳು ತೆಗೆದುಕೊಂಡ ಒಂದು ವರ್ಷಕ್ಕೂ ಮೀರಿದ ಕಾಲದಲ್ಲಿ ಜನರ ಭಯ ವಸ್ತುಗಳ ಮೇಲೆ ತಿರುಗಿತು, ಆಮೇಲೆ ಮನುಷ್ಯರ ಮೇಲೆ ತಿರುಗಿತು. ತಿರುಗಬೇಕಾಗಿದ್ದ ಕಡೆಗೆ, ಅಂದರೆ ಮುಚ್ಚಿದ ಕೋಣೆಯ ಗಾಳಿಯ ಕಡೆಗೆ, ತಿರುಗಿದ್ದು ಬಹಳ ತಡವಾಗಿ.

ಈ ಕಥೆಗೆ ವಿಕ್ರೋಳಿಯನ್ನೇ ಹಿಡಿದಿರುವುದಕ್ಕೆ ಕಾರಣವಿದೆ. ಇಲ್ಲಿ ಎಲ್ಲ ಬಗೆಯ ಗಾಳಿಯೂ ಇದೆ. ರೈಲುಹಳಿಯ ಪೂರ್ವಕ್ಕೆ ಟ್ಯಾಗೋರ್ ನಗರ, ಕನ್ನಮ್‌ವಾರ್ ನಗರ. ಸರಕಾರಿ ವಸತಿ ಮಂಡಳಿ ಕಟ್ಟಿದ ಹಳೆಯ ಗಿಡ್ಡ ಕಟ್ಟಡಗಳು, ಅವುಗಳ ನಡುವೆ ಈಗ ಮೇಲೇಳುತ್ತಿರುವ ಗೋಪುರಗಳು. ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ ದಾಟಿದರೆ ಠಾಣೆ ಖಾರಿಯ ಅಂಚಿನಲ್ಲಿ ಗೋದ್ರೆಜ್ ಕಾಪಾಡಿಕೊಂಡು ಬಂದ ಕಾಂಡ್ಲಾ ಕಾಡು. ಪಶ್ಚಿಮಕ್ಕೆ ಎಲ್‌ಬಿಎಸ್ ರಸ್ತೆ, ಅದರಾಚೆ ಗುಡ್ಡ ಹತ್ತಿ ಕೂತ ಪಾರ್ಕ್‌ಸೈಟ್‌ನ ಜೋಪಡಿಗಳು. ಆ ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಪೊವಾಯಿ ಕೆರೆ, ಅದರ ದಂಡೆಯಲ್ಲಿ ಐಐಟಿ. ಕರಾವಳಿಯಿಂದ ಹೋಟೆಲಿಗೆಂದು ಬಂದವರು, ಕಾರ್ಖಾನೆಗೆಂದು ಬಂದವರು ಇಲ್ಲಿ ನೆಲೆನಿಂತು ದಶಕಗಳಾದವು. ಅವರು ಕಟ್ಟಿದ ಕನ್ನಡ ಸಂಘವೂ ಇದೆ. ಒಂದು ಗುಡ್ಡದ ಈಚೆ ಹತ್ತಡಿಗೆ ಹತ್ತಡಿಯ ಖೋಲಿಯಲ್ಲಿ ಐದಾರು ಜನ ಒಟ್ಟಿಗೆ ಉಸಿರಾಡುತ್ತಿದ್ದಾಗ, ಆಚೆ ಮಗ್ಗುಲಲ್ಲಿ ಇಬ್ಬರು ಎಂಜಿನಿಯರುಗಳು ಕೆಮ್ಮಿನ ಹನಿಯ ಲೆಕ್ಕ ಹಾಕುತ್ತಿದ್ದರು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ತಪ್ಪು ಉತ್ತರದ ವಿಚಾರ. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಈ ರೋಗ ಗಾಳಿಯಲ್ಲಿ ಹರಡುವುದಿಲ್ಲ ಎಂದು ಖಚಿತವಾಗಿ ಸಾರಿತು. ಸಂಸ್ಥೆಯ ಪ್ರಕಾರ ಕೆಮ್ಮಿದಾಗ, ಸೀನಿದಾಗ ಹೊಮ್ಮುವ ದೊಡ್ಡ ಹನಿಗಳು ಒಂದೆರಡು ಮೀಟರಿನೊಳಗೆ ನೆಲಕ್ಕೆ ಬೀಳುತ್ತವೆ. ಬಿದ್ದ ಜಾಗವನ್ನು ಮುಟ್ಟಿದ ಕೈ ಮುಖಕ್ಕೆ ಹೋದರೆ ಸೋಂಕು. ಆರಡಿ ದೂರ, ಇಪ್ಪತ್ತು ಸೆಕೆಂಡು ಕೈ ತೊಳೆಯುವುದು, ಈ ಎರಡು ಸೂತ್ರಗಳು ಮನೆಮಾತಾದದ್ದು ಈ ತಿಳುವಳಿಕೆಯಿಂದ. ಅದೇ ತಿಂಗಳು ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಪ್ರಯೋಗದ ವರದಿ ಆ ಭಯಕ್ಕೆ ಅಂಕಿಗಳನ್ನು ಕೊಟ್ಟಿತು: ಪ್ಲಾಸ್ಟಿಕ್ ಮತ್ತು ಸ್ಟೀಲಿನ ಮೇಲೆ ವೈರಸ್ಸು 72 ಗಂಟೆಯವರೆಗೆ, ರಟ್ಟಿನ ಮೇಲೆ 24 ಗಂಟೆಯವರೆಗೆ ಜೀವಂತ. ಹಾಲಿನ ಪ್ಯಾಕೆಟ್ಟಿಗೆ ಸೋಪು ಹತ್ತಿದ್ದು ಹೀಗೆ. ಆದರೆ ಅದೇ ವರದಿ ಇನ್ನೊಂದು ಮಾತನ್ನೂ ಹೇಳಿತ್ತು. ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಲ್ಲಿ ವೈರಸ್ಸು ಮೂರು ಗಂಟೆ, ಅಂದರೆ ಆ ಪ್ರಯೋಗ ನಡೆದಷ್ಟು ಹೊತ್ತೂ, ಜೀವಂತ ಉಳಿದಿತ್ತು. ಮೊದಲ ಸಾಲು ಮನೆಮನೆಗೆ ಮುಟ್ಟಿತು. ಎರಡನೆಯದು ಯಾರ ಕಿವಿಗೂ ಬೀಳಲಿಲ್ಲ.

ಪ್ರಯೋಗಾಲಯದಲ್ಲಿ ಒಂದು ದೊಡ್ಡ ಹನಿ ವೈರಸ್ಸನ್ನು ಸ್ಟೀಲಿನ ಮೇಲೆ ಹಾಕಿ ಮೂರು ದಿನದ ಮೇಲೆ ಹುಡುಕುವುದು ಬೇರೆ, ಕಿರಾಣಿ ಚೀಲದಿಂದ ಕೈಗೆ, ಕೈಯಿಂದ ಮೂಗಿಗೆ ರೋಗ ತರುವಷ್ಟು ವೈರಸ್ಸು ದಾಟುವುದು ಬೇರೆ. 2020ರ ಜುಲೈನಲ್ಲೇ ಸೂಕ್ಷ್ಮಜೀವಿ ವಿಜ್ಞಾನಿ ಇಮ್ಯಾನುಯೆಲ್ ಗೋಲ್ಡ್‌ಮನ್, ವಸ್ತುಗಳ ಮೂಲಕ ಸೋಂಕು ಹರಡುವ ಅಪಾಯವನ್ನು ಉಬ್ಬಿಸಲಾಗಿದೆ ಎಂದು ಬರೆದರು. 2021ರ ಏಪ್ರಿಲಿನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಆ ಅಪಾಯವನ್ನು ಅಂಕಿಯಲ್ಲಿ ಹೇಳಿತು: ಸೋಂಕಿರುವ ಮೇಲ್ಮೈಯನ್ನು ಹತ್ತು ಸಾವಿರ ಸಲ ಮುಟ್ಟಿದರೆ ಒಂದು ಸಲಕ್ಕಿಂತಲೂ ಕಡಿಮೆ. ಕೈ ತೊಳೆಯುವುದು ಬೇಡವೆಂದಲ್ಲ. ಭೇದಿ ತರುವ ರೋಗಾಣುಗಳಿಗೆ ಅದು ದೊಡ್ಡ ತಡೆಯೇ. ಆದರೆ ಒಬ್ಬ ಮನುಷ್ಯನ ಎಚ್ಚರಕ್ಕೆ ಮಿತಿಯಿದೆ. ದಿನವಿಡೀ ಪ್ಯಾಕೆಟ್ಟು ತೊಳೆದು ದಣಿದವರು ರಾತ್ರಿ ಕಿಟಕಿ ಮುಚ್ಚಿ, ಜ್ವರ ಬಂದ ಅಣ್ಣನ ಪಕ್ಕದಲ್ಲೇ ಮಲಗಿದರು.

ಸರಕಾರವೂ ಅದೇ ದಾರಿ ಹಿಡಿಯಿತು. ಅಗ್ನಿಶಾಮಕ ಬಂಡಿಗಳು ರಸ್ತೆಗಳ ಮೇಲೆ, ಗೋಡೆಗಳ ಮೇಲೆ ಸೋಡಿಯಂ ಹೈಪೋಕ್ಲೋರೈಟ್ ಸಿಂಪಡಿಸಿದವು. ಉತ್ತರ ಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳುತ್ತಿದ್ದ ಕೂಲಿಕಾರರ ಮೈಮೇಲೆಯೇ ಸಿಂಪಡಿಸಿದರು. ಮನುಷ್ಯರ ಮೇಲೆ ಹಾಗೆ ಮಾಡಕೂಡದೆಂದು ಕೇಂದ್ರ ಆರೋಗ್ಯ ಇಲಾಖೆ ಏಪ್ರಿಲ್ 18ರಂದು ತಿಳಿಸಬೇಕಾಯಿತು. ಮುಂಬಯಿಗೆ ಇದು ಹೊಸದೂ ಆಗಿರಲಿಲ್ಲ. 1896ರಲ್ಲಿ ಮಾಂಡ್ವಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಪಟ್ಟಣದ ಚರಂಡಿಗಳಿಗೆ ಸಮುದ್ರದ ನೀರು ಮತ್ತು ಕಾರ್ಬಾಲಿಕ್ ಆಸಿಡ್ ಸುರಿದಿದ್ದರು. ಪ್ಲೇಗನ್ನು ಒಯ್ಯುತ್ತಿದ್ದುದು ಇಲಿಯ ಮೈಮೇಲಿನ ಚಿಗಟ ಎಂದು ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಅದನ್ನು ವೈದ್ಯಲೋಕ ನಂಬಲು ಇನ್ನೂ ಹಲವು ವರ್ಷ ಬೇಕಾದವು. ಅಷ್ಟರಲ್ಲಿ ಮುಂಬಯಿ ಬಿಟ್ಟ ಲಕ್ಷಾಂತರ ಜನರ ಜೊತೆ ರೋಗ ರೈಲು ಹತ್ತಿ, ಹುಬ್ಬಳ್ಳಿಯನ್ನು ಹಾದು, ಅದೇ 1898ರ ಆಗಸ್ಟಿನಲ್ಲಿ ಬೆಂಗಳೂರು ಮುಟ್ಟಿತ್ತು. ಆ ಪ್ಲೇಗಿಗಾಗಿ ಬ್ರಿಟಿಷರು 1897ರಲ್ಲಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ ಮಹಾರಾಷ್ಟ್ರ ಸರಕಾರ 2020ರ ಮಾರ್ಚಿನಲ್ಲಿ ಕೈಗೆತ್ತಿಕೊಂಡಿತು. ಆ ಕಾಯ್ದೆ ಮನುಷ್ಯರನ್ನು ತಡೆಯುವ, ತಪಾಸಣೆ ಮಾಡುವ, ಬೇರೆ ಇಡುವ ಅಧಿಕಾರ ಕೊಡುತ್ತದೆ. ರೋಗ ಯಾವ ದಾರಿಯಲ್ಲಿ ಬರುತ್ತದೆಂಬ ತಿಳಿವು ಕಾಯ್ದೆಯಿಂದ ಬರುವಂಥದ್ದಲ್ಲ.

ಹಾಗಾದರೆ ಗಾಳಿಯಲ್ಲಿ ನಡೆಯುವುದೇನು?

ನಾವು ಉಸಿರು ಬಿಟ್ಟಾಗ, ಮಾತಾಡಿದಾಗ, ಹಾಡಿದಾಗ ಶ್ವಾಸನಾಳದ ಒದ್ದೆ ಪೊರೆಯಿಂದ ಕಣಗಳು ಹರಿದು ಹೊರಬರುತ್ತವೆ. ಕೆಮ್ಮಬೇಕೆಂದೇನೂ ಇಲ್ಲ. ಕೆಲವು ಕಣ್ಣಿಗೆ ಕಾಣುವಷ್ಟು ದೊಡ್ಡವು, ಬಹುಪಾಲು ಕಾಣದಷ್ಟು ಚಿಕ್ಕವು. ಕೊರೊನಾ ವೈರಸ್ಸಿನ ಅಡ್ಡಳತೆ ಸುಮಾರು 0.1 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಹಾಗಾಗಿ ಒಂದು ಮೈಕ್ರಾನಿನ ಕಣದಲ್ಲೂ ಅದಕ್ಕೆ ಬೇಕಾದಷ್ಟು ಜಾಗವಿದೆ. ಈಗ ಬೀಳುವ ಲೆಕ್ಕ ನೋಡಿ. ನಿಂತ ಮನುಷ್ಯನ ಬಾಯಿಯಿಂದ, ಒಂದೂವರೆ ಮೀಟರ್ ಎತ್ತರದಿಂದ, 100 ಮೈಕ್ರಾನಿನ ಹನಿ ನೆಲ ಮುಟ್ಟಲು ಐದಾರು ಸೆಕೆಂಡು ಸಾಕು. 5 ಮೈಕ್ರಾನಿನ ಕಣಕ್ಕೆ, ಗಾಳಿ ಅಲುಗದ ಕೋಣೆಯಲ್ಲೂ, ಅರ್ಧ ಗಂಟೆ ಬೇಕು. ಒಂದು ಮೈಕ್ರಾನಿನದಕ್ಕೆ ಹನ್ನೆರಡು ಗಂಟೆ. ಆದರೆ ಅಲುಗದ ಗಾಳಿಯೆಂಬುದು ಎಲ್ಲಿದೆ? ನಮ್ಮ ಮೈಯ ಬಿಸಿಗೇ ಗಾಳಿ ಮೇಲೇಳುತ್ತದೆ, ಫ್ಯಾನು ಅದನ್ನು ಕಲಕುತ್ತದೆ. ಬಾಗಿಲು ಹಾಕಿದ ದೇವರಕೋಣೆಯಲ್ಲಿ ಹಚ್ಚಿದ ಊದಿನಕಡ್ಡಿಯ ಹೊಗೆ ಮೊದಲು ಎಳೆಯಾಗಿ ಏಳುತ್ತದೆ, ಹತ್ತಿರ ನಿಂತವರಿಗೆ ದಟ್ಟವಾಗಿ ತಾಗುತ್ತದೆ, ಸ್ವಲ್ಪ ಹೊತ್ತಿಗೆ ಇಡೀ ಕೋಣೆಯಲ್ಲಿ ಒಂದೇ ಹದದಲ್ಲಿ ತುಂಬಿಕೊಳ್ಳುತ್ತದೆ. ಸೋಂಕಿತರ ಉಸಿರೂ ಹಾಗೆಯೇ. ಹತ್ತಿರ ಇದ್ದವರಿಗೆ ಅಪಾಯ ಹೆಚ್ಚು ಎಂಬುದರಿಂದ ಅದು ಬೀಳುವ ಹನಿಯೆಂದು ತೀರ್ಮಾನಿಸಿದರು. ತೇಲುವ ಕಣವೂ ಹುಟ್ಟಿದ ಜಾಗದಲ್ಲೇ ಹೆಚ್ಚು ದಟ್ಟವಾಗಿರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಈ ಲೆಕ್ಕ ಇವತ್ತಿನದಲ್ಲ. 1934ರಲ್ಲಿ ಹಾರ್ವರ್ಡಿನ ಎಂಜಿನಿಯರ್ ವಿಲಿಯಂ ಫರ್ತ್ ವೆಲ್ಸ್ ಇದನ್ನು ಬರೆದಿಟ್ಟಿದ್ದರು. ಬಾಯಿಯಿಂದ ಹೊರಬಂದ ಹನಿ ಒಂದು ಕಡೆ ಬೀಳುತ್ತಿರುತ್ತದೆ, ಇನ್ನೊಂದು ಕಡೆ ಆರುತ್ತಿರುತ್ತದೆ. ನೆಲ ಮುಟ್ಟುವ ಮೊದಲೇ ಆರಿಹೋದರೆ ಉಳಿಯುವ ಒಣ ತಿರುಳು ಗಾಳಿಯಲ್ಲೇ ತೇಲುತ್ತದೆ. ಬೀಳುವುದಕ್ಕೂ ತೇಲುವುದಕ್ಕೂ ನಡುವಿನ ಗಡಿಯನ್ನು ಅವರು 100 ಮೈಕ್ರಾನಿನ ಸುಮಾರಿಗೆ ಗುರುತಿಸಿದರು. ಅವರೂ ಅವರ ಪತ್ನಿ, ವೈದ್ಯೆ ಮಿಲ್ಡ್ರೆಡ್ ವೆಲ್ಸ್ ಅವರೂ ಫಿಲಡೆಲ್ಫಿಯಾದ ಶಾಲೆಗಳ ತರಗತಿಗಳಲ್ಲಿ ಮಕ್ಕಳ ತಲೆಯ ಮೇಲಿನ ಗಾಳಿಗೆ ಅತಿನೇರಳೆ ದೀಪ ಹಾಯಿಸಿದರು. 1941ರಲ್ಲಿ ಆ ಊರಿಗೆ ದಡಾರದ ಅಲೆ ಬಂದಾಗ ದೀಪವಿದ್ದ ತರಗತಿಗಳಲ್ಲಿ ರೋಗ ಬಹಳ ಕಡಿಮೆಯಿತ್ತು. ಮುಂದೆ ವೆಲ್ಸ್ ಮತ್ತು ರಿಚರ್ಡ್ ರೈಲಿ ಬಾಲ್ಟಿಮೋರಿನ ಆಸ್ಪತ್ರೆಯೊಂದರಲ್ಲಿ ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಮೇಲಕ್ಕೆ ಹಾಯಿಸಿ, ಗೂಡಿನಲ್ಲಿದ್ದ ಗಿನಿಹಂದಿಗಳಿಗೆ ಉಸಿರಾಡಲು ಕೊಟ್ಟರು. ಅವುಗಳಿಗೂ ರೋಗಿಗಳಿಗೂ ನಡುವೆ ಇದ್ದದ್ದು ಗಾಳಿಯೊಂದೇ. ಗಿನಿಹಂದಿಗಳಿಗೆ ಕ್ಷಯ ಬಂತು.

ಇಷ್ಟು ಸಾಕ್ಷ್ಯವಿದ್ದೂ ವಿಚಾರ ಯಾಕೆ ಮೂಲೆ ಸೇರಿತು? ಅದಕ್ಕಿಂತ ಹಿಂದೆ, 1910ರಲ್ಲಿ, ಅಮೆರಿಕದ ಆರೋಗ್ಯಾಧಿಕಾರಿ ಚಾರ್ಲ್ಸ್ ಚೇಪಿನ್ ಬರೆದ ಪುಸ್ತಕದ ಪ್ರಭಾವ ದೊಡ್ಡದಿತ್ತು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂಬ ಶತಮಾನಗಳ ನಂಬಿಕೆಯನ್ನು ಕಿತ್ತುಹಾಕಿ ಸ್ವಚ್ಛತೆಯ ಕಡೆಗೆ ಜನರನ್ನು ತಿರುಗಿಸಬೇಕೆಂಬುದು ಅವರ ಹಂಬಲ. ಗಾಳಿಯ ಮಾತೆತ್ತಿದರೆ ಜನ ಕೈ ತೊಳೆಯುವುದನ್ನೇ ಬಿಟ್ಟಾರು ಎಂಬ ಆತಂಕ ಮುಂದಿನ ತಲೆಮಾರುಗಳ ವೈದ್ಯರಲ್ಲೂ ಉಳಿಯಿತು. ಅದರ ಮೇಲೆ ಒಂದು ಅಂಕಿಯ ಗೊಂದಲ ಸೇರಿತು. ಕ್ಷಯದ ರೋಗಾಣು ಶ್ವಾಸಕೋಶದ ತಳಕ್ಕೆ ಇಳಿದರೆ ಮಾತ್ರ ರೋಗ ಹಿಡಿಯುತ್ತದೆ. ಅಷ್ಟು ಆಳಕ್ಕೆ ಇಳಿಯುವುದು 5 ಮೈಕ್ರಾನಿಗಿಂತ ಚಿಕ್ಕ ಕಣ. ಆ 5 ಎಂಬ ಅಂಕಿ ಕ್ಷಯದ ಪಾಠದಿಂದ ಜಾರಿ, ತೇಲುವ ಕಣಕ್ಕೂ ಬೀಳುವ ಹನಿಗೂ ಗಡಿಯಾಗಿ ಪಠ್ಯಪುಸ್ತಕಗಳಲ್ಲಿ ಕೂತುಬಿಟ್ಟಿತು. 100 ಇರಬೇಕಾದ ಕಡೆ 5. ಈ ಅದಲುಬದಲನ್ನು ಹಳೆಯ ಕಾಗದಪತ್ರಗಳಿಂದ ಕೆದಕಿ ತೆಗೆದವರು ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿದ್ದ ಸಂಶೋಧಕಿ ಕೇಟಿ ರಾಂಡಲ್. ಜೊತೆಗಿದ್ದವರು ಗಾಳಿಯ ಕಣಗಳನ್ನು ಓದುವ ಲಿನ್ಸಿ ಮಾರ್ ಮತ್ತು ಸಂಗಡಿಗರು. ಅರವತ್ತು ವರ್ಷ ವೈದ್ಯಕೀಯ ವಿದ್ಯಾರ್ಥಿಗಳು ಓದಿದ್ದ ಒಂದು ತಪ್ಪು ಅಂಕಿಗೆ ಇಡೀ ಲೋಕ ಬೆಲೆ ತೆತ್ತಿತು ಎಂದು ನೆನೆದಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಸಾಕ್ಷ್ಯ ಹೊಸದಾಗಿಯೂ ಬರುತ್ತಲೇ ಇತ್ತು. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ ಗಾಯಕರ ತಂಡವೊಂದು ಎರಡೂವರೆ ಗಂಟೆ ಅಭ್ಯಾಸ ನಡೆಸಿತು. ಬಂದವರು 61 ಮಂದಿ. ಸ್ಯಾನಿಟೈಸರ್ ಇಟ್ಟಿದ್ದರು, ಕೈಕುಲುಕಲಿಲ್ಲ. ಅವರಲ್ಲಿ 53 ಮಂದಿಗೆ ಕಾಯಿಲೆ ಬಂತು, ಇಬ್ಬರು ತೀರಿಕೊಂಡರು. ಜುಲೈನಲ್ಲಿ ಲಿಡಿಯಾ ಮೊರಾವ್ಸ್ಕಾ ಮತ್ತು ಡೊನಾಲ್ಡ್ ಮಿಲ್ಟನ್ ಬರೆದ ಬಹಿರಂಗ ಪತ್ರಕ್ಕೆ 239 ವಿಜ್ಞಾನಿಗಳ ಬೆಂಬಲವಿತ್ತು. ಗಾಳಿಯ ದಾರಿಯನ್ನು ಒಪ್ಪಿಕೊಳ್ಳಿ ಎಂಬುದೇ ಅದರ ಬೇಡಿಕೆ.

ವಿಕ್ರೋಳಿಯ ಗುಡ್ಡದಾಚೆ, ಐಐಟಿಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗದ ರಜನೀಶ್ ಭಾರದ್ವಾಜ್ ಮತ್ತು ಅಮಿತ್ ಅಗ್ರವಾಲ್ ಮೊದಲು ಎಲ್ಲರಂತೆ ಮೇಲ್ಮೈಯ ಹನಿಯಿಂದಲೇ ಶುರುಮಾಡಿದ್ದರು. ಗಾಜು, ಸ್ಟೀಲು, ಫೋನಿನ ಪರದೆಯ ಮೇಲೆ ಬಿದ್ದ ಹನಿ ಎಷ್ಟು ಹೊತ್ತಿಗೆ ಒಣಗುತ್ತದೆ ಎಂಬುದು ಆ ಲೆಕ್ಕ. ಬಿಸಿಲಿದ್ದರೆ ಬೇಗ, ಗಾಳಿಯಲ್ಲಿ ತೇವವಿದ್ದರೆ ನಿಧಾನ. ಕೆಲವು ತಿಂಗಳಲ್ಲಿ ಅವರ ಕಣ್ಣು ಕೆಮ್ಮಿನ ಮೋಡದತ್ತ ಹೊರಳಿತು. ಮುಚ್ಚಿದ ಜಾಗದಲ್ಲಿ ಒಬ್ಬರು ಕೆಮ್ಮಿದಾಗ ಹೊಮ್ಮುವ ಗಾಳಿ ಮುಂದೆ ಹೋಗುತ್ತ ಸುತ್ತಲಿನ ಗಾಳಿಯನ್ನು ಎಳೆದುಕೊಂಡು ಉಬ್ಬುತ್ತದೆ. ಮೊದಲ ಐದರಿಂದ ಎಂಟು ಸೆಕೆಂಡು ಬಹಳ ಮುಖ್ಯ. ಸರ್ಜಿಕಲ್ ಮಾಸ್ಕ್ ತೊಟ್ಟರೆ ಆ ಮೋಡದ ಗಾತ್ರ ಏಳರಲ್ಲಿ ಒಂದು ಪಾಲಿಗೆ, ಎನ್‌95 ತೊಟ್ಟರೆ ಇಪ್ಪತ್ತಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂದು ಅವರು ತೋರಿಸಿದರು. ಮಾಸ್ಕ್ ಕಡ್ಡಾಯವೆಂಬ ಮುಂಬಯಿ ಮಹಾನಗರಪಾಲಿಕೆಯ ಆಜ್ಞೆ ಏಪ್ರಿಲ್ 8ರಷ್ಟು ಮೊದಲೇ ಬಂದಿತ್ತು. ಪಾಲಿಕೆಯ ಈ ಒಂದು ನಿರ್ಧಾರ ವಿಶ್ವ ಆರೋಗ್ಯ ಸಂಸ್ಥೆಗಿಂತ ಮುಂದಿತ್ತೆಂದು ಹೇಳಲು ನನಗೆ ಖುಷಿಯಿದೆ.

ಈಗ ಹತ್ತಕ್ಕೆ ಹತ್ತರ ಖೋಲಿಗೆ ಬರೋಣ. ಒಂಬತ್ತು ಅಡಿ ಎತ್ತರವೆಂದರೆ ಒಳಗಿರುವ ಗಾಳಿ ಸುಮಾರು 25 ಘನ ಮೀಟರ್, ಅಂದರೆ 25 ಸಾವಿರ ಲೀಟರ್. ಮಲಗಿದ ಒಬ್ಬ ವಯಸ್ಕ ಗಂಟೆಗೆ ಸುಮಾರು 12 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಐವರು ಮಲಗಿದ್ದರೆ 60 ಲೀಟರ್. ಕಿಟಕಿ ಬಾಗಿಲು ಪೂರ್ತಿ ಮುಚ್ಚಿದ್ದರೆ ಒಂದೇ ಗಂಟೆಯಲ್ಲಿ ಅದರ ಪ್ರಮಾಣ ಹೊರಗಿನ 420ರಿಂದ, ದಶಲಕ್ಷ ಭಾಗಗಳ ಲೆಕ್ಕದಲ್ಲಿ, 2,800ಕ್ಕೆ ಏರುತ್ತದೆ. ನಮ್ಮ ಉಸಿರಿನಲ್ಲಿ ಈ ಅನಿಲ ದಶಲಕ್ಷಕ್ಕೆ ಸುಮಾರು 40,000 ಭಾಗ ಇರುತ್ತದೆ. ಭಾಗಿಸಿ ನೋಡಿದರೆ ಆ ಹೊತ್ತಿಗೆ ಒಳಗೆಳೆದುಕೊಳ್ಳುವ ಪ್ರತಿ ಹದಿನೇಳು ಉಸಿರಿನಲ್ಲಿ ಒಂದು ಉಸಿರಿನಷ್ಟು ಗಾಳಿ ಆಗಲೇ ಯಾರದೋ ಎದೆಯೊಳಗೆ ಹೋಗಿ ಬಂದಿರುತ್ತದೆ. ರಾತ್ರಿಯಂತೂ ಎಂಟು ಗಂಟೆ ಉದ್ದ. ಅದೇ ಖೋಲಿಗೆ ಎದುರುಬದುರು ಎರಡು ಕಿಟಕಿಗಳಿದ್ದು ಗಂಟೆಗೆ ಆರು ಸಲ ಗಾಳಿ ಬದಲಾಗುವಂತಿದ್ದರೆ, ರಾತ್ರಿಯಿಡೀ ಮಲಗಿದರೂ ನೂರರಲ್ಲಿ ಒಂದು ಉಸಿರಷ್ಟೇ ಮರುಬಳಕೆಯದು. ಒಳಾಂಗಣದ ಗಾಳಿಯಲ್ಲಿ ಈ ಅನಿಲ ದಶಲಕ್ಷಕ್ಕೆ 1,000 ಭಾಗ ಮೀರಬಾರದೆಂದು ಮ್ಯೂನಿಕ್‌ನ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ ಸೂಚಿಸಿದ್ದರು. ಖೋಲಿಯಲ್ಲಿ ಆರಡಿ ದೂರ ಕಾಯ್ದುಕೊಳ್ಳಿ ಎಂದು ಹೇಳಿದವರು ಖೋಲಿಯ ಅಳತೆಯನ್ನೂ ನೋಡಿರಲಿಲ್ಲ, ಖೋಲಿಯ ಗಾಳಿಯನ್ನೂ ನೋಡಿರಲಿಲ್ಲ.

ಫಲ ಏನಾಯಿತೆಂಬುದಕ್ಕೆ ಮುಂಬಯಿಯಲ್ಲೇ ಅಳತೆ ಸಿಕ್ಕಿತು. 2020ರ ಜುಲೈ ಮೊದಲರ್ಧದಲ್ಲಿ ಪಾಲಿಕೆ, ನೀತಿ ಆಯೋಗ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ ದಹಿಸರ್, ಚೆಂಬೂರ್, ಮಾಟುಂಗಾ ಕಡೆಯ ಮೂರು ವಾರ್ಡುಗಳಲ್ಲಿ 6,936 ಜನರ ರಕ್ತ ಪರೀಕ್ಷಿಸಿದವು. ಜೋಪಡಪಟ್ಟಿಗಳಲ್ಲಿ ನೂರಕ್ಕೆ 57 ಮಂದಿಗೆ ಸೋಂಕು ತಗುಲಿ ಹೋಗಿತ್ತು. ಅವುಗಳಿಗೆ ಅಂಟಿಕೊಂಡೇ ಇರುವ ಕಟ್ಟಡಗಳಲ್ಲಿ ನೂರಕ್ಕೆ 16. ಒಂದೇ ವಾರ್ಡು, ಒಂದೇ ಮಳೆ, ಒಂದೇ ಲಾಕ್‌ಡೌನ್. ಸಾರ್ವಜನಿಕ ಶೌಚಾಲಯ, ನೀರಿನ ನಳದ ಸಾಲು, ದುಡಿಯಲು ಹೊರಗೆ ಹೋಗಲೇಬೇಕಾದ ಅಗತ್ಯ, ಎಲ್ಲವೂ ಕಾರಣಗಳೇ. ಆದರೆ ಶೌಚಾಲಯವೂ ಕೊನೆಗೆ ಗಾಳಿಯಾಡದ ಚಿಕ್ಕ ಕೋಣೆ; ಹಿಂದಿನವರು ಬಿಟ್ಟ ಉಸಿರು ಮುಂದಿನವರಿಗೆ ಕಾದಿರುತ್ತದೆ. ಮನೆಯಲ್ಲೇ ಇರಿ ಎಂಬ ಮಾತು ಎಲ್ಲರಿಗೂ ಒಂದೇ ಆಗಿ ಕೇಳಿಸಿತು, ಎಲ್ಲರ ಮನೆ ಒಂದೇ ಆಗಿರಲಿಲ್ಲ.

ಲೋಕಲ್ ರೈಲಿನ ಬಗ್ಗೆ ಒಂದು ಮಾತು. ದಟ್ಟಣೆಯ ಹೊತ್ತಿನಲ್ಲಿ ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ ನಿಲ್ಲುವ ರೈಲದು. ಅದನ್ನು ನಿಲ್ಲಿಸಿದ್ದು ಸರಿಯೇ. ಆದರೆ ಸದಾ ತೆರೆದ ಬಾಗಿಲಿನ ಹಳೆಯ ಬೋಗಿಯಲ್ಲಿ ರೈಲು ಓಡುವಾಗ ಗಾಳಿ ಬಹಳ ವೇಗವಾಗಿ ಬದಲಾಗುತ್ತದೆ. ಅದೇ ದೂರವನ್ನು ಕಿಟಕಿ ಏರಿಸಿ ಎಸಿ ಹಾಕಿದ ಹಂಚಿಕೆಯ ಟ್ಯಾಕ್ಸಿಯಲ್ಲಿ ಹೋದವರು ತಾವು ಹೆಚ್ಚು ಸುರಕ್ಷಿತರೆಂದು ನಂಬಿದ್ದರು. ಜನಸಂದಣಿ ಕಣ್ಣಿಗೆ ಕಾಣುತ್ತದೆ, ನಿಂತ ಗಾಳಿ ಕಾಣುವುದಿಲ್ಲ.

2020ರ ಮೇ ತಿಂಗಳಲ್ಲಿ ಮುಂಬಯಿ ಕನ್ನಡಿಗರು ಊರಿಗೆ ಹೊರಟರು. ಹೋಟೆಲುಗಳು ಮುಚ್ಚಿದ್ದವು, ಸಂಬಳವಿರಲಿಲ್ಲ, ಹೋಟೆಲಿನ ಮೇಲಿನ ಕೋಣೆಗಳಲ್ಲಿ ಹತ್ತಾರು ಹುಡುಗರು ಒಟ್ಟಿಗೆ ಮಲಗುತ್ತಿದ್ದರು. ಕರ್ನಾಟಕ ಸರಕಾರದ ಸೇವಾ ಸಿಂಧು ಜಾಲತಾಣದಲ್ಲಿ ಪಾಸ್ ಪಡೆದು ಉಡುಪಿ, ಕುಂದಾಪುರ, ಕೆ.ಆರ್. ಪೇಟೆ, ಕಲಬುರಗಿಗಳಿಗೆ ಕಾರು, ಬಸ್ಸುಗಳಲ್ಲಿ ಹೊರಟವರು ಸಾವಿರಾರು. ಮಾರ್ಚಿನ ಮೂರು ಪ್ರಕರಣಗಳ ಬಳಿಕ ಮೇ ಮಧ್ಯದವರೆಗೆ ಉಡುಪಿಯಲ್ಲಿ ಹೊಸ ಸೋಂಕೇ ಇರಲಿಲ್ಲ. ಮೇ 18ರಂದು ಕರ್ನಾಟಕ ಸರಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಬಾಗಿಲು ಮುಚ್ಚಿತು. ಜೂನ್ 2ರಂದು ರಾಜ್ಯದಲ್ಲಿ 388 ಹೊಸ ಪ್ರಕರಣಗಳು, ಉಡುಪಿಯೊಂದರಲ್ಲೇ 150. ಆ 388ರಲ್ಲಿ 367 ಮಂದಿ ಹೊರರಾಜ್ಯಗಳಿಂದ ಬಂದವರು.

ಆ ಅಂಕಿ ಹೊರಬಿದ್ದ ಮೇಲೆ ‘ಮುಂಬಯಿಯಿಂದ ಬಂದವರು’ ಎಂಬುದೇ ಒಂದು ರೋಗದ ಹೆಸರಾಯಿತು. ದಶಕಗಳ ಕಾಲ ಮುಂಬಯಿಯ ಮನಿಯಾರ್ಡರಿನಲ್ಲಿ ಮನೆ ಕಟ್ಟಿದ, ಮದುವೆ ಮಾಡಿದ, ದೈವದ ಕೋಲ ನಡೆಸಿದ ಊರುಗಳೇ ಗಡಿಯಲ್ಲಿ ಮುಖ ತಿರುಗಿಸಿದವು. ಊರಿನವರನ್ನು ನಾನು ದೂರುವುದಿಲ್ಲ. ಮುದುಕರಿರುವ ಮನೆಗೆ ಸೋಂಕು ಬರಬಾರದೆಂದು ಹೆದರುವುದು ಸಹಜ. ಅವರಿಗೆ ಯಾರೂ ಹೇಳಬೇಕಾದುದನ್ನು ಹೇಳಲಿಲ್ಲ. ಕರಾವಳಿಯ ಮನೆಯಂಗಳದಲ್ಲಿ ಇಪ್ಪತ್ತಡಿ ದೂರ ನಿಂತು ಮಾತಾಡಿಸಿದರೆ ಅಪಾಯ ಇಲ್ಲವೆನ್ನುವಷ್ಟು ಕಡಿಮೆ. ಚಾವಡಿಯ ಹೊರಜಗಲಿಯಲ್ಲಿ ಮಲಗಲು ಬಿಟ್ಟರೂ ಕಡಿಮೆಯೇ. ದೊಡ್ಡ ಅಪಾಯ ಇದ್ದದ್ದು ಹಗಲು ರಾತ್ರಿ ಕಿಟಕಿ ಏರಿಸಿಕೊಂಡು ಐದಾರು ಜನ ಬಂದ ಕಾರಿನಲ್ಲಿ, ಆಮೇಲೆ ಒಬ್ಬರಿಗಿದ್ದದ್ದು ಎಲ್ಲರಿಗೂ ಬರುವಂತೆ ಒಟ್ಟಿಗೆ ಕೂಡಿಹಾಕಿದ ಶಾಲೆಗಳ ಕ್ವಾರಂಟೈನ್ ಕೋಣೆಗಳಲ್ಲಿ. ಶಾಲೆಯ ಕಿಟಕಿಗಳನ್ನು ತೆರೆದಿಡಿ, ಪ್ರಯಾಣದಲ್ಲಿ ಗಾಜು ಇಳಿಸಿ, ಮಾತಾಡುವಾಗ ಮಾಸ್ಕ್ ತೆಗೆಯಬೇಡಿ ಎಂಬ ಮೂರು ಸಾಲುಗಳನ್ನು ಆ ಪಾಸಿನ ಮೇಲೇ ಅಚ್ಚು ಹಾಕಬಹುದಿತ್ತು. ಖರ್ಚೇನೂ ಇರಲಿಲ್ಲ.

ಕೇಂದ್ರ ಸರಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ, ತೇಲುವ ಕಣಗಳು ಹತ್ತು ಮೀಟರಿನವರೆಗೂ ಹೋಗಬಲ್ಲವು, ಕಿಟಕಿ ಬಾಗಿಲು ತೆರೆದಿಡಿ, ಗಾಳಿ ಹೊರಗೆ ಹೋಗುವಂತೆ ಫ್ಯಾನು ಇಡಿ ಎಂದು ಚಿತ್ರಗಳ ಸಮೇತ ತಿಳಿಸಿದ್ದು 2021ರ ಮೇ ತಿಂಗಳಲ್ಲಿ. ಬಹಳ ಒಳ್ಳೆಯ ಸಲಹಾಪತ್ರ ಅದು. ಅಷ್ಟರಲ್ಲಿ ಎರಡನೆಯ ಅಲೆ ಮನೆಮನೆಯನ್ನು ಹೊಕ್ಕು ಹೊರಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾತನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತ ಬಂದು, 2024ರ ಏಪ್ರಿಲಿನಲ್ಲಿ ಹೊಸ ಪರಿಭಾಷೆ ಪ್ರಕಟಿಸಿತು. ಅದರಲ್ಲಿ 5 ಮೈಕ್ರಾನಿನ ಗಡಿ ಇಲ್ಲ.

ಗಾಳಿಯ ಪ್ರಶ್ನೆ ಕೊರೊನಾದೊಂದಿಗೆ ಮುಗಿಯಲಿಲ್ಲ. 2022ರ ಅಕ್ಟೋಬರ್ ಕೊನೆಗೆ, ವಿಕ್ರೋಳಿಯಿಂದ ಕೆಲವೇ ಕಿಲೋಮೀಟರ್ ದೂರದ ಗೋವಂಡಿಯಲ್ಲಿ ಮಕ್ಕಳು ದಡಾರದಿಂದ ಸತ್ತರು. ದಡಾರದ ವೈರಸ್ಸು ರೋಗಿ ಹೊರಟುಹೋದ ಕೋಣೆಯಲ್ಲೂ ಎರಡು ಗಂಟೆಯವರೆಗೆ ಉಳಿಯಬಲ್ಲದು. ರಕ್ಷಣೆಯಿಲ್ಲದ ಜನರ ನಡುವೆ ಒಬ್ಬರಿಂದ 12ರಿಂದ 18 ಮಂದಿಗೆ ಹಬ್ಬಬಲ್ಲದು. ಅದಕ್ಕೆ ಲಸಿಕೆಯಿದೆ; ಕೊರೊನಾದ ವರ್ಷಗಳಲ್ಲಿ ಅನೇಕ ಮಕ್ಕಳಿಗೆ ಅದು ತಪ್ಪಿತ್ತು. ಗೋವಂಡಿಯ ಪುನರ್ವಸತಿ ಕಾಲೊನಿಗಳಲ್ಲಿ ಕ್ಷಯವನ್ನು ಅಧ್ಯಯನ ಮಾಡಿದವರು ಇನ್ನೊಂದನ್ನು ಕಂಡಿದ್ದರು. ಎರಡು ಗೋಪುರಗಳ ನಡುವೆ ಮೂರು ಮೀಟರ್ ಅಂತರ, ಕೆಳಮಹಡಿಗೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಕ್ಷಯ ಹೆಚ್ಚಿದ್ದದ್ದು ಅಂಥ ಕೆಳಮಹಡಿಗಳಲ್ಲಿ. ಜೋಪಡಿಯಿಂದ ಎಬ್ಬಿಸಿ ಪಕ್ಕಾ ಮನೆ ಕೊಟ್ಟೆವೆಂದು ಹೇಳಿಕೊಳ್ಳುವ ಊರು ಆ ಮನೆಗೆ ಉಸಿರಾಡುವಷ್ಟು ಜಾಗ ಬಿಡಲಿಲ್ಲ. ಕನ್ನಮ್‌ವಾರ್ ನಗರದ ಹಳೆಯ ಕಟ್ಟಡಗಳು ಈಗ ಒಂದೊಂದಾಗಿ ಉರುಳಿ ಗೋಪುರಗಳಾಗುತ್ತಿವೆ. ಸೋರುವ ಚಾವಣಿ, ಉದುರುವ ಗಾರೆ ಎಲ್ಲ ಇದ್ದರೂ ಆ ಗಿಡ್ಡ ಕಟ್ಟಡಗಳ ನಡುವೆ ಅಂಗಳಗಳಿದ್ದವು. ಹೊಸ ನಕ್ಷೆಗಳಲ್ಲಿ ಪಾರ್ಕಿಂಗಿಗೆ, ಜಿಮ್ಮಿಗೆ ಜಾಗ ಗುರುತಾಗಿರುತ್ತದೆ. ಅಡುಗೆಮನೆಯ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕೆಂದು ಕೇಳುವ ಹಕ್ಕು ಕೊಳ್ಳುವವರಿಗೆ ಇದೆ, ಕೇಳಬೇಕು.

ಇನ್ನು, ಕಿಟಕಿ ತೆರೆಯಿರಿ ಎಂಬ ಸಲಹೆ ವಿಕ್ರೋಳಿಯಲ್ಲಿ ಎದುರಿಸುವ ತೊಡಕೊಂದಿದೆ. ಕನ್ನಮ್‌ವಾರ್ ನಗರ, ಟ್ಯಾಗೋರ್ ನಗರಗಳ ಉತ್ತರಕ್ಕೆ, ಖಾರಿಯ ಅಂಚಿನಲ್ಲಿ ಕಾಂಜೂರ್‌ಮಾರ್ಗದ ಕಸದ ನೆಲೆಯಿದೆ. ಮುಂಬಯಿಯ ಕಸದ ಬಹುಪಾಲು ಅಲ್ಲಿಗೆ ಬರುತ್ತದೆ. ಸಂಜೆಯಾದಂತೆ, ಮಳೆಗಾಲದಲ್ಲಿ ಇನ್ನೂ ಹೆಚ್ಚಾಗಿ, ಅದರ ದುರ್ನಾತ ಮನೆಯೊಳಗೆ ನುಗ್ಗುತ್ತದೆಂದು ಇಲ್ಲಿನವರು ವರ್ಷಗಳಿಂದ ದೂರುತ್ತ ಬಂದಿದ್ದಾರೆ. ನಾತ ತಡೆಯಲಾರದೆ ಕಿಟಕಿ ಮುಚ್ಚುತ್ತಾರೆ. ಸೊಳ್ಳೆಗೆ ಹೆದರಿ ಮುಚ್ಚುವವರು ಬೇರೆ. 2025ರ ಮೇ ತಿಂಗಳಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಆ ಜಾಗದ ಸುಮಾರು 120 ಹೆಕ್ಟೇರು ಸಂರಕ್ಷಿತ ಅರಣ್ಯವೆಂದು ತೀರ್ಪಿತ್ತಿತು. ಅದೇ ವರ್ಷ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಕಸದ ಲಾರಿಗಳು ಬರುತ್ತಲೇ ಇವೆ. ಕಸ ಎಲ್ಲಿಗೆ ಹೋಗಬೇಕೆಂಬ ಆ ವ್ಯಾಜ್ಯವನ್ನು ಪರಿಸರದ ಪುಟದಲ್ಲಿ ಓದುತ್ತೇವೆ. ಮುಂದಿನ ವೈರಸ್ಸು ಬಂದಾಗ ಇಲ್ಲಿನ ಸಾವಿರಾರು ಮನೆಗಳ ಕಿಟಕಿ ರಾತ್ರಿ ತೆರೆದಿರುತ್ತದೆಯೋ ಮುಚ್ಚಿರುತ್ತದೆಯೋ ಎಂಬುದೂ ಅದೇ ವ್ಯಾಜ್ಯದಲ್ಲಿ ಇತ್ಯರ್ಥವಾಗುತ್ತಿದೆ.